ದೂರದೂರಿನ ನೆರೆಕರೆ

ನೆರೆಕರೆ ಎಂಬ ಮಾತು ನಮ್ಮ ಕಾಸರಗೋಡು ಸೀಮೆಯಲ್ಲಿ ಪಕ್ಕದ ಮನೆಯನ್ನಷ್ಟೇ ಸೂಚಿಸುವುದಿಲ್ಲ. ಗುಡ್ಡದಾಚೆಯ ತೋಟದವನೂ ನೆರೆಕರೆಯವನೇ. ಮದುವೆಗೆ ತರಕಾರಿ ಹೆಚ್ಚುವುದಕ್ಕೂ, ಸಾವಿನ ಮನೆಯಲ್ಲಿ ಸೌದೆ ಒಟ್ಟುವುದಕ್ಕೂ ಹೇಳಿಕೆಯನ್ನು ಕಾಯದೆ ಬರತಕ್ಕವನು ಅವನು. ಇಂದು ಆ ತೋಟಗಳ ಅನೇಕ ಮನೆಗಳಲ್ಲಿ ಉಳಿದಿರುವವರು ವೃದ್ಧ ದಂಪತಿಗಳು ಮಾತ್ರ. ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದಾರೆ. 2011ರ ಜನಗಣತಿಯಂತೆ ಅರುವತ್ತು ದಾಟಿದವರು ಭಾರತದಲ್ಲಿ ನೂರಕ್ಕೆ 8.6, ಕೇರಳದಲ್ಲಿ 12.6. ರಾಜ್ಯಗಳ ಪೈಕಿ ಅದೇ ಅತಿ ಹೆಚ್ಚಿನ ಪ್ರಮಾಣ.

ಹೀಗಾಗಿ ನಿವೃತ್ತರಿಗೆಂದೇ ಕಟ್ಟಿದ ಬಡಾವಣೆಗಳತ್ತ ನಮ್ಮವರೂ ಕಣ್ಣು ಹಾಯಿಸತೊಡಗಿದ್ದಾರೆ. ಕೊಯಮತ್ತೂರಿನ ಸುತ್ತ ಇಂತಹವು ಬಹಳ. ಇವನ್ನು ವೃದ್ಧಾಶ್ರಮವೆಂದು ಕರೆದರೆ ಅಲ್ಲಿಯವರಿಗೆ ಕೋಪ ಬರುತ್ತದೆ; ಕೋಪ ನ್ಯಾಯವಾದದ್ದೇ. ಪ್ರತ್ಯೇಕ ಮನೆ, ಅದರ ಬೀಗದ ಕೈ ತಮ್ಮದು. ಅಡುಗೆ, ಕಾವಲು, ದಾದಿ ಎಲ್ಲರಿಗೂ ಸೇರಿದ್ದು. ನನ್ನ ಸೋದರತ್ತೆಯೂ ಮಾವನವರೂ ಆರು ವರ್ಷಗಳ ಹಿಂದೆ ಅಂತಹ ಒಂದು ಬಡಾವಣೆಯನ್ನು ಸೇರಿದರು. ನಲವತ್ತು ಮನೆಗಳ ಸಣ್ಣ ಊರು ಅದು. ಕಾಸರಗೋಡಿನಲ್ಲಿ ರೈಲು ಹತ್ತಿ ಪಾಲಕ್ಕಾಡು ದಾಟಿದರೆ ಕೊಯಮತ್ತೂರು. ರಜೆ ಸಿಕ್ಕಾಗಲೆಲ್ಲ ನಾನು ಹೋಗಿಬರುತ್ತಿದ್ದೇನೆ.

ಎಡಗಡೆಯ ಮನೆಯಲ್ಲಿ ಪಾಲಕ್ಕಾಡಿನ ನಿವೃತ್ತ ರೈಲ್ವೆ ಗಾರ್ಡ್. ಬಲಗಡೆಯಲ್ಲಿ ದಾದಿಯಾಗಿ ದುಡಿದ ತೆಲುಗು ವಿಧವೆ. ಎದುರಿಗೆ ತಂಜಾವೂರಿನ ಬ್ಯಾಂಕ್ ಅಧಿಕಾರಿ. ಊಟದ ಸಮಿತಿಯ ಲೆಕ್ಕ ಅವರದು. ಬೆಳಗ್ಗೆ ಆರಕ್ಕೆ ಕಾಫಿ, ಎಂಟಕ್ಕೆ ತಿಂಡಿ, ಹನ್ನೆರಡೂವರೆಗೆ ಊಟದ ಗಂಟೆ. ನಮ್ಮ ಶಾಲೆಯ ಗಂಟೆಗಿಂತ ಅದಕ್ಕೆ ಹೆಚ್ಚಿನ ಗೌರವವಿದೆಯೆಂಬುದನ್ನು ನಾನು ಸ್ವಲ್ಪ ಅಸೂಯೆಯಿಂದಲೇ ಗಮನಿಸಿದೆ. ಜಗಳಗಳಿಲ್ಲವೆಂದಲ್ಲ. ಒಗ್ಗರಣೆಗೆ ಎಳ್ಳೆಣ್ಣೆಯೋ ತೆಂಗಿನೆಣ್ಣೆಯೋ ಎಂಬ ವಿವಾದ ಎರಡು ವರ್ಷ ನಡೆಯಿತು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮೇಜು ಗುದ್ದಿದವರೂ ಇಲ್ಲಿ ಹಪ್ಪಳಕ್ಕಾಗಿ ಮೇಜು ಗುದ್ದುತ್ತಾರೆ. ಕೊನೆಗೆ ಶುಕ್ರವಾರ ಒಂದು ದಿನ ತೆಂಗಿನೆಣ್ಣೆ ಎಂದು ತೀರ್ಮಾನವಾಯಿತು. ಅದು ಮಾವನವರ ಸಾಧನೆ.

ಕಳೆದ ವರ್ಷ ಆಷಾಢದಲ್ಲಿ ಮಾವನವರು ತೀರಿಕೊಂಡರು. ರಾತ್ರಿ ಎರಡು ಗಂಟೆ. ದಾದಿಯಮ್ಮ ಬಂದು ನಾಡಿ ನೋಡಿ, ಅತ್ತೆಯವರ ಪಕ್ಕದಲ್ಲಿ ಬೆಳಗಿನವರೆಗೆ ಕುಳಿತರು. ಗಾರ್ಡ್ ಮಹಾಶಯರು ಮಗನಿಗೂ ನಮಗೂ ಫೋನು ಮಾಡಿದರು. ಮಗ ಬರುವವರೆಗೆ ಪಾರ್ಥಿವ ದೇಹವನ್ನು ಇರಿಸಿಕೊಳ್ಳಬೇಕಾಗಿತ್ತು. ಆಗ ಒಂದು ಪ್ರಶ್ನೆ ಎದ್ದಿತು. ನಮ್ಮಲ್ಲಿ ಹೆಣ ಎತ್ತುವವರೆಗೆ ಸುತ್ತಿನ ಮನೆಗಳಲ್ಲಿ ಒಲೆ ಹೊತ್ತಿಸುವುದಿಲ್ಲ. ಅಲ್ಲಿಯವರಲ್ಲಿಯೂ ಬಹುಮಂದಿಗೆ ಅದೇ ಕ್ರಮ. ಆದರೆ ನಲವತ್ತು ಮನೆಗಳಿಗೆ ಒಂದೇ ಒಲೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ತಿರುಗಿ ಬೀಳುವ ಸಕ್ಕರೆ ಕಾಯಿಲೆಯವರು ಎಷ್ಟೋ ಮಂದಿ. ಬೆಳಗ್ಗೆ ಐದಕ್ಕೆ ಸಮಿತಿಯ ನಾಲ್ವರು ಅತ್ತೆಯವರ ಜಗಲಿಗೆ ಬಂದು, ನೀವು ಹೇಳಿದಂತೆ ಆಗಲಿ ಎಂದು ನಿಂತರು. ಅತ್ತೆಯವರು, ಒಲೆ ಹೊತ್ತಲಿ, ಗಂಟೆ ಮಾತ್ರ ಬಾರಿಸಬೇಡಿ ಎಂದರಂತೆ. ಅಂದು ತಿಂಡಿ ಬುತ್ತಿಗಳಲ್ಲಿ ಮನೆಮನೆಗೆ ಹೋಯಿತು. ಊಟದ ಶಾಲೆಯ ಬಾಗಿಲು ತೆರೆಯಲಿಲ್ಲ. ನಾವು ಊರಿನಿಂದ ತಲಪುವಷ್ಟರಲ್ಲಿ ಚಟ್ಟಕ್ಕೆ ಬಿದಿರೂ ಬಂದಿತ್ತು. ಇದೆಲ್ಲವೂ ತಿಂಗಳ ಶುಲ್ಕದ ರಶೀದಿಯಲ್ಲಿ ಸೇರಿರುವುದಿಲ್ಲ.

ಅನಂತರದ ಕಷ್ಟ ಬೇರೆ ಬಗೆಯದು. ಮಾವನವರು ಹೋದ ಮೇಲೆ ಅತ್ತೆಯವರಿಗೆ ಕನ್ನಡದಲ್ಲಿ ಮಾತನಾಡಲು ಮನೆಯೊಳಗೆ ಯಾರೂ ಇಲ್ಲವಾಯಿತು. ಮಲಯಾಳ ಬರುತ್ತದೆ, ತಮಿಳೂ ಬಂದಿದೆ. ಆದರೆ ಗಂಟುನೋವನ್ನು ಹೇಳಿಕೊಳ್ಳುವುದಕ್ಕೆ ಬರುವ ಭಾಷೆ ಒಂದೇ. ಒಂದು ದಿನ ಅಡುಗೆಮನೆಯ ಹೆಂಗಸೊಬ್ಬಳು ಪಾತ್ರೆ ಕೈಜಾರಿದಾಗ ‘ಅಯ್ಯೋ, ಬಿದ್ದೋಯ್ತು’ ಎಂದದ್ದು ಇವರ ಕಿವಿಗೆ ಬಿತ್ತು. ಆಕೆ ದೇವಾಂಗದವಳು. ಕೊಯಮತ್ತೂರಿನ ಸುತ್ತ ದೇವಾಂಗರೂ ಒಕ್ಕಲಿಗರೂ ತಲೆತಲಾಂತರದಿಂದ ನೆಲೆಸಿ, ಮನೆಯಲ್ಲಿ ಕನ್ನಡವನ್ನೇ ಆಡಿಕೊಂಡು ಬಂದಿದ್ದಾರೆ. ಶಾಲೆಯ ಓದು ಮಾತ್ರ ತಮಿಳು. ಈಗ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಆಕೆ ಅರ್ಧ ಗಂಟೆ ಜಗಲಿಯಲ್ಲಿ ಕುಳಿತುಕೊಳ್ಳುತ್ತಾಳೆ. ಈ ಮಾಸಪತ್ರಿಕೆಯನ್ನು ಅತ್ತೆಯವರು ಓದಿ ಹೇಳುತ್ತಾರೆ. ಆಕೆಗೆ ನಮ್ಮ ಗ್ರಂಥಭಾಷೆ ಅರ್ಧ ತಿಳಿಯದು, ಅತ್ತೆಯವರಿಗೆ ಆಕೆಯ ಮಾತು ಅರ್ಧ ತಿಳಿಯದು. ಆದರೂ ಮಾತು ನಿಂತಿಲ್ಲ. ಅಕ್ಷರಗಳನ್ನೂ ಹೇಳಿಕೊಡತೊಡಗಿದ್ದಾರೆ. ‘ಣ’ಕಾರದಲ್ಲಿ ತಡೆದಿದೆಯಂತೆ.

ಅಲ್ಲಿಗೆ ಹೋಗಬಯಸುವ ವಾಚಕರು ಉದ್ಯಾನದ ಚಿತ್ರಗಳನ್ನು ನೋಡಿ ಮುಂಗಡ ಕೊಡಬಾರದು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಜಾರದ ನೆಲ, ಬಚ್ಚಲಿನಲ್ಲಿ ಹಿಡಿಕಂಬಿ, ಕಟ್ಟಿದವರು, ಸೇವೆ ನಡೆಸುವವರು, ಕೊಳ್ಳುವವರು ಈ ಮೂವರ ನಡುವಣ ಕರಾರು ಮುಂತಾದವು ಅದರಲ್ಲಿವೆ. ಅವು ಮಾದರಿಗಳು, ತಾವಾಗಿಯೇ ಕಾನೂನಲ್ಲ. ಆದುದರಿಂದ ಕರಾರನ್ನು ಓದಿಯೇ ಸಹಿ ಹಾಕಬೇಕು. ಇಬ್ಬರಲ್ಲಿ ಒಬ್ಬರು ಹೋದರೆ ಮನೆ ಯಾರದು, ಹಾಸಿಗೆ ಹಿಡಿದರೆ ಅಲ್ಲಿಯೇ ಇರಗೊಡುವರೇ, ಬಿಟ್ಟುಹೋದರೆ ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಹೊರಡುವ ಮುನ್ನ ತೋಟವನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವವರಿಗೆ ಇನ್ನೊಂದು ಮಾತು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ನ್ಯಾಯಮಂಡಳಿಯ ಮೂಲಕ ಹಿಂದೆ ಪಡೆಯಲು ದಾರಿಯುಂಟು. ಆ ಷರತ್ತನ್ನು ಪತ್ರದಲ್ಲಿಯೇ ಬರೆಸಿಡುವುದು ಕ್ಷೇಮ. ಮಗನ ಮುಂದೆ ಹೇಗೆ ಬರೆಸುವುದೆಂಬ ದಾಕ್ಷಿಣ್ಯ ನನಗೂ ಅರ್ಥವಾಗುತ್ತದೆ, ಬರೆಸಿರಿ.

ನನ್ನ ಮತದಲ್ಲಿ, ಹೋಗುವುದಾದರೆ ಕಾಲು ಗಟ್ಟಿಯಿರುವಾಗಲೇ ಹೋಗಬೇಕು. ನೆರೆಮನೆಯವರ ಕಷ್ಟಕ್ಕೆ ನಾಲ್ಕು ಸಲ ನಡೆದುಹೋಗಿ ಬಂದವರ ಮನೆಗೆ ರಾತ್ರಿ ಎರಡು ಗಂಟೆಗೆ ಜನ ಬರುತ್ತಾರೆ.

ಮಗ ಬೆಂಗಳೂರಿಗೆ ಬಂದುಬಿಡು ಎಂದು ಕರೆಯುತ್ತಿದ್ದಾನೆ. ಅತ್ತೆಯವರು ‘ನೋಡುವ’ ಎಂದಿದ್ದಾರೆ. ಸದ್ಯ ಊಟದ ಸಮಿತಿಯಲ್ಲಿ ಮಾವನವರ ಸ್ಥಾನಕ್ಕೆ ಅವರನ್ನೇ ಆರಿಸಿದ್ದಾರೆ. ಶುಕ್ರವಾರ ರಾತ್ರಿ ಕುಚ್ಚಲಕ್ಕಿಯ ಗಂಜಿಯೂ ಆಗಬೇಕೆಂಬ ಸೂಚನೆಯನ್ನು ಮಂಡಿಸಿದ್ದಾರಂತೆ. ಬ್ಯಾಂಕ್ ಅಧಿಕಾರಿಗಳು ಖರ್ಚಿನ ಪಟ್ಟಿ ಕೇಳಿದ್ದಾರೆ.