ಅತಿಥಿಯ ಸಾವು, ಅಪರಿಚಿತರ ತೀರ್ಪು

ದೂರದಲ್ಲೆಲ್ಲೋ ಯಾರೋ ಸತ್ತರೆಂಬ ಸುದ್ದಿ ಬಂದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು 'ಪಾಪ' ಎಂಬುದು. ಎರಡನೆಯ ಮಾತು ಬಹುಮಟ್ಟಿಗೆ ಪ್ರಶ್ನೆಯ ರೂಪದಲ್ಲಿರುತ್ತದೆ: 'ಅಲ್ಲಿಗೇಕೆ ಹೋಗಬೇಕಾಗಿತ್ತು?' ಮೊದಲನೆಯ ಮಾತಿಗೂ ಎರಡನೆಯ ಮಾತಿಗೂ ನಡುವೆ ಒಂದು ಉಸಿರಿನಷ್ಟು ಹೊತ್ತು ಕಳೆದಿರುವುದಿಲ್ಲ. ಕಾರವಾರ, ಅಂಕೋಲೆಗಳ ಕರಾವಳಿಯವರಾದ ನಮಗೆ ಈ ಎರಡನೆಯ ಮಾತು ತೀರ ಪರಿಚಿತವಾದುದು. ರಜೆ ಬಂದಿತೆಂದರೆ ಘಟ್ಟದ ಮೇಲಿನಿಂದ ಜನ ಇಳಿದು ಬರುತ್ತಾರೆ. ವರ್ಷಕ್ಕೆ ಕೆಲವರಾದರೂ ಹಿಂದಿರುಗುವುದಿಲ್ಲ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಕ್ಕೆ ಮುಂಚೆಯೇ ಅವರ ತಪ್ಪೇನೆಂಬುದು ಊರೂರಿನಲ್ಲಿ ನಿರ್ಣಯವಾಗಿ ಹೋಗಿರುತ್ತದೆ. ಈ ನಿರ್ಣಯವು ಹುಟ್ಟುವ ಬಗೆಯನ್ನು ವಿದ್ಯಾರ್ಥಿ ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

2024ನೆಯ ನವೆಂಬರ್ 17ರ ಬೆಳಗ್ಗೆ, ಮಂಗಳೂರಿನ ದಕ್ಷಿಣಕ್ಕಿರುವ ಉಚ್ಚಿಲದ ಕಡಲತಡಿಯ ಒಂದು ರೆಸಾರ್ಟಿನಲ್ಲಿ ಮೈಸೂರಿನ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿನಿಯರು ಈಜುಕೊಳದಲ್ಲಿ ಮುಳುಗಿ ಸತ್ತರು. ಮೂವರೂ ಇಪ್ಪತ್ತರ ಆಸುಪಾಸಿನ ವಯಸ್ಸಿನವರು. ಯಾರಿಗೂ ಈಜು ಬರುತ್ತಿರಲಿಲ್ಲ. ಕೊಳವು ಒಂದು ಕಡೆ ಆಳವಿಲ್ಲದೆ, ಇನ್ನೊಂದು ಕಡೆಗೆ ಸುಮಾರು ಆರು ಅಡಿಯಷ್ಟು ಇಳಿಯುತ್ತಿತ್ತು. ಒಬ್ಬಳು ಆಳದ ಕಡೆಗೆ ಹೋಗಿ ನೆಲೆ ತಪ್ಪಿದಳು. ಅವಳನ್ನು ಹಿಡಿಯಲು ಹೋದ ಇನ್ನಿಬ್ಬರೂ ಅವಳೊಡನೆಯೇ ಹೋದರು. ಕಾವಲಿಗೆ ಈಜುಬಲ್ಲ ರಕ್ಷಕನಿರಲಿಲ್ಲ. ಅಲ್ಲಿನ ಕ್ಯಾಮರಾದಲ್ಲಿ ದಾಖಲಾದ ದೃಶ್ಯವು ಅಂದು ಸಂಜೆಯೊಳಗೆ ನಾಡಿನ ಎಷ್ಟೋ ಜನರ ಮೊಬೈಲುಗಳನ್ನು ತಲುಪಿತು. ಸತ್ತವರನ್ನು ಎಂದೂ ಕಾಣದವರು, ಆ ಕೊಳದ ಹತ್ತಿರ ಎಂದೂ ಸುಳಿಯದವರು, ಆ ಕೆಲವು ನಿಮಿಷಗಳನ್ನು ಮತ್ತೆ ಮತ್ತೆ ನೋಡಿ ತೀರ್ಪು ಕೊಟ್ಟರು. ಈಜು ಬಾರದವರು ನೀರಿಗೇಕೆ ಇಳಿದರು? ಆಳವನ್ನು ನೋಡಬಾರದಿತ್ತೆ? ಹೆಣ್ಣುಮಕ್ಕಳನ್ನು ಇಷ್ಟು ದೂರ ಕಳುಹಿಸಿದ ತಂದೆತಾಯಿಗಳಿಗೆ ಬುದ್ಧಿ ಇರಲಿಲ್ಲವೆ? ಇಂತಹ ಸಾವು ಸಂಭವಿಸಿದಾಗಲೆಲ್ಲ ಕೇಳಿಬರುವ ಮಾತುಗಳೇ ಇವು. ಜಾಗ ಮಾತ್ರ ಬೇರೆ.

ಹೀಗೆ ಆಡುವವರೆಲ್ಲರೂ ಕಟುಕರೆಂದು ಹೇಳಿಬಿಟ್ಟರೆ ನಾವೂ ಅವರಂತೆಯೇ ಅವಸರದ ತೀರ್ಪು ಕೊಟ್ಟಂತಾಗುತ್ತದೆ. ಅವರಲ್ಲಿ ಅನೇಕರು ಮನೆಯಲ್ಲಿ ಒಳ್ಳೆಯ ತಂದೆತಾಯಿಗಳು, ನೆರೆಹೊರೆಗೆ ಬೇಕಾದವರು. ಅಂತಹವರ ಬಾಯಲ್ಲಿ ಈ ಮಾತು ಬರುವುದೇಕೆ ಎಂಬುದೇ ವಿಜ್ಞಾನಕ್ಕೆ ವಿಷಯವಾಗತಕ್ಕುದು.

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಮೆಲ್ವಿನ್ ಲರ್ನರ್ ಎಂಬ ಮನಃಶಾಸ್ತ್ರಜ್ಞರು ಮುಖ್ಯರು. ಅವರೂ ಅವರ ಸಹೋದ್ಯೋಗಿ ಕೆರೊಲಿನ್ ಸಿಮನ್ಸರೂ 1966ರಲ್ಲಿ ಅಮೆರಿಕಾದಲ್ಲಿ 72 ವಿದ್ಯಾರ್ಥಿನಿಯರ ಮೇಲೆ ಒಂದು ಪ್ರಯೋಗವನ್ನು ನಡೆಸಿ ಪ್ರಕಟಿಸಿದರು. ತಮ್ಮಂತೆಯೇ ಇರುವ ಒಬ್ಬ ಯುವತಿ ಪಾಠದಲ್ಲಿ ತಪ್ಪಿದಾಗಲೆಲ್ಲ ವಿದ್ಯುತ್ತಿನ ಆಘಾತವನ್ನು ಅನುಭವಿಸುವುದನ್ನು ಅವರು ನೋಡಬೇಕಾಗಿತ್ತು. ಆಘಾತವು ನಿಜವಾದುದಲ್ಲ, ನಟನೆ. ಆದರೆ ನೋಡುವವರಿಗೆ ಅದು ತಿಳಿಯದು. ಕೆಲವರಿಗೆ ಆ ಹಿಂಸೆಯನ್ನು ನಿಲ್ಲಿಸುವ ಅವಕಾಶವಿತ್ತು. ಅವರಲ್ಲಿ ಹೆಚ್ಚಿನವರು ನಿಲ್ಲಿಸಲು ಮತಕೊಟ್ಟರು. ಇನ್ನು ಕೆಲವರಿಗೆ ಆ ಅವಕಾಶವಿರಲಿಲ್ಲ. ಹಿಂಸೆಯು ಮುಂದುವರಿಯುವುದೆಂದು ಅವರಿಗೆ ತಿಳಿಸಲಾಗಿತ್ತು. ಬಳಿಕ ಆ ಯುವತಿಯ ಗುಣಸ್ವಭಾವಗಳ ವಿಷಯವಾಗಿ ಕೇಳಿದಾಗ, ಏನೂ ಮಾಡಲಾಗದೆ ನೋಡುತ್ತ ಕುಳಿತವರೇ ಆಕೆಯನ್ನು ಹೆಚ್ಚಾಗಿ ಹಳಿದರು. ಅದಕ್ಕಿಂತಲೂ ಆಶ್ಚರ್ಯದ ಸಂಗತಿಯೊಂದುಂಟು. ಇತರರಿಗೆ ಅನುಕೂಲವಾಗಲೆಂದು ಆಕೆ ತಾನಾಗಿ ಈ ಕಷ್ಟಕ್ಕೆ ಒಪ್ಪಿಕೊಂಡಳೆಂದು ತೋರಿಸಿದ ಸಂದರ್ಭದಲ್ಲಿ ಹಳಿಯುವಿಕೆಯು ಎಲ್ಲಕ್ಕಿಂತ ಹೆಚ್ಚಾಗಿತ್ತು.

ಲರ್ನರರು ಇದಕ್ಕೆ ಕೊಟ್ಟ ವಿವರಣೆ ಸರಳವಾದುದು. ಲೋಕವು ನ್ಯಾಯವಾಗಿದೆ, ಒಳ್ಳೆಯವರಿಗೆ ಒಳಿತೂ ಅವಿವೇಕಿಗಳಿಗೆ ಕೇಡೂ ಆಗುತ್ತದೆ ಎಂಬ ನಂಬಿಕೆಯಿಲ್ಲದೆ ಮನುಷ್ಯನು ನೆಮ್ಮದಿಯಿಂದ ಬದುಕಲಾರ. ನಿರಪರಾಧಿಯೊಬ್ಬನು ಕಾರಣವಿಲ್ಲದೆ ನರಳುವುದನ್ನು ಕಂಡಾಗ ಈ ನಂಬಿಕೆ ಅಲುಗಾಡುತ್ತದೆ. ಸಹಾಯ ಮಾಡಿ ಅದನ್ನು ಸರಿಪಡಿಸಬಹುದು. ಅದು ಸಾಧ್ಯವಿಲ್ಲದಿದ್ದರೆ ನರಳುವವನಲ್ಲಿ ತಪ್ಪು ಹುಡುಕಿ ಸರಿಪಡಿಸಬಹುದು. ಮೊಬೈಲಿನ ಮುಂದೆ ಕುಳಿತವನು ಸತ್ತವರಿಗೆ ಏನು ಸಹಾಯ ಮಾಡಬಲ್ಲ? ಅವನಿಗೆ ಉಳಿದಿರುವುದು ಎರಡನೆಯ ದಾರಿ ಒಂದೇ. ಗೆಳತಿಯನ್ನು ಉಳಿಸಲು ಮುಂದಾದ ಇಬ್ಬರ ಮೇಲೂ ಬಿರುನುಡಿಗಳು ಬಿದ್ದುದು ಏಕೆಂಬುದಕ್ಕೆ 1966ರ ಆ ಪ್ರಯೋಗದಲ್ಲಿಯೇ ಒಂದು ಸುಳಿವು ಇದೆಯೆಂದು ನಾವು ಭಾವಿಸುತ್ತೇವೆ.

ಮನಸ್ಸಿನ ಇನ್ನೊಂದು ಚಮತ್ಕಾರವು ಇದರೊಡನೆ ಸೇರಿಕೊಳ್ಳುತ್ತದೆ. ಜೆರುಸಲೇಮಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಬರೂಕ್ ಫಿಶ್‌ಹಾಫ್ ಎಂಬುವರು 1975ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧದ ವೃತ್ತಾಂತವನ್ನು ಬೇರೆ ಬೇರೆ ಗುಂಪುಗಳಿಗೆ ಓದಲು ಕೊಟ್ಟರು. ಒಂದು ಗುಂಪಿಗೆ ಬ್ರಿಟಿಷರು ಗೆದ್ದರೆಂದೂ, ಇನ್ನೊಂದಕ್ಕೆ ಗೂರ್ಖರು ಗೆದ್ದರೆಂದೂ, ಮತ್ತೊಂದಕ್ಕೆ ಯಾರೂ ಗೆಲ್ಲಲಿಲ್ಲವೆಂದೂ ತಿಳಿಸಿದರು. ಫಲ ತಿಳಿಯದಿದ್ದರೆ ನೀವು ಏನನ್ನು ನಿರೀಕ್ಷಿಸುತ್ತಿದ್ದಿರಿ ಎಂದು ಕೇಳಿದಾಗ, ಪ್ರತಿಯೊಂದು ಗುಂಪೂ ತನಗೆ ಹೇಳಿದ ಫಲವೇ ಹೆಚ್ಚು ಸಂಭವನೀಯವಾಗಿತ್ತೆಂದು ಅಭಿಪ್ರಾಯಪಟ್ಟಿತು. ಓದಿದ ವೃತ್ತಾಂತ ಒಂದೇ. ತುದಿ ಮಾತ್ರ ಬೇರೆ. ತುದಿಯನ್ನು ತಿಳಿದ ಮನಸ್ಸು ಅದನ್ನು ಮರೆತು ನೋಡಲಾರದು. ಕೊಳದ ದೃಶ್ಯವನ್ನು ನೋಡುವವನಿಗೆ ಮುಂದೇನಾಗುವುದೆಂದು ಮೊದಲೇ ಗೊತ್ತು. ಆ ಮೂವರಿಗೆ ಗೊತ್ತಿರಲಿಲ್ಲ.

'ಆಳವನ್ನು ನೋಡಬಾರದಿತ್ತೆ' ಎಂಬ ಪ್ರಶ್ನೆಯನ್ನು ಭೌತಶಾಸ್ತ್ರ ಓದಿದ ವಿದ್ಯಾರ್ಥಿಯು ಕೇಳಲಾರನು. ನೀರಿನ ವಕ್ರೀಭವನಾಂಕ ಸುಮಾರು 4/3. ದಡದಲ್ಲಿ ನಿಂತು ನೇರವಾಗಿ ಕೆಳಗೆ ನೋಡಿದರೆ ಆರು ಅಡಿಯ ನೀರು ನಾಲ್ಕೂವರೆ ಅಡಿಯಾಗಿ ಕಾಣಿಸುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಮೆ. ಐದಡಿ ಎತ್ತರದವಳೊಬ್ಬಳು ನೋಡಿಯೇ ಇಳಿದರೂ, ನೀರು ತನ್ನ ಗಂಟಲ ಮಟ್ಟವನ್ನು ಮೀರದೆಂದು ಆಕೆಯ ಕಣ್ಣು ಹೇಳುತ್ತದೆ. ಕಣ್ಣಿನ ಈ ಸುಳ್ಳನ್ನು ತಿದ್ದುವುದಕ್ಕಾಗಿಯೇ ಕೊಳದ ಅಂಚಿನಲ್ಲಿ ಆಳವನ್ನು ಅಂಕಿಗಳಲ್ಲಿ ಬರೆಯತಕ್ಕುದು.

'ಕೈ ಎತ್ತಿ ಕೂಗಬಾರದಿತ್ತೆ' ಎನ್ನುವವರೂ ಉಂಟು. ಇಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ನೆನೆಯಬೇಕು. ಶ್ವಾಸಕೋಶ ತುಂಬ ಗಾಳಿ ಹಿಡಿದಿರುವ ಮನುಷ್ಯದೇಹವು ನೀರಿಗಿಂತ ಸ್ವಲ್ಪವೇ ಹಗುರ. 50 ಕಿಲೋಗ್ರಾಂ ತೂಕದ ವ್ಯಕ್ತಿಯನ್ನು ತೆಗೆದುಕೊಂಡರೆ, ನೀರಿನಿಂದ ಮೇಲಕ್ಕೆ ಎತ್ತಿಹಿಡಿಯಬಹುದಾದ ಭಾರ ಒಂದೆರಡು ಕಿಲೋಗ್ರಾಂ ಮಾತ್ರ. ತಲೆಯೊಂದೇ ಸುಮಾರು 4 ಕಿಲೋಗ್ರಾಂ. ಎರಡು ತೋಳುಗಳು ಸೇರಿ ಸುಮಾರು 5 ಕಿಲೋಗ್ರಾಂ. ಸಹಾಯಕ್ಕಾಗಿ ಕೈಗಳನ್ನು ಮೇಲೆತ್ತಿದೊಡನೆ ಅವುಗಳ ಭಾರವೆಲ್ಲ ದೇಹದ ಮೇಲೆ ಬಿದ್ದು ಬಾಯಿಮೂಗುಗಳು ನೀರಿನೊಳಕ್ಕೆ ಇಳಿಯುತ್ತವೆ. ಕೂಗಿದರೆ ಗಾಳಿ ಹೊರಟುಹೋಗುತ್ತದೆ. ಗಾಳಿ ಹೋದ ದೇಹವು ನೀರಿಗಿಂತ ಭಾರವಾಗುತ್ತದೆ. ನ್ಯೂಯಾರ್ಕಿನ ಕಡಲತೀರದಲ್ಲಿ ರಕ್ಷಕರಾಗಿದ್ದ ಫ್ರಾಂಕ್ ಪಿಯಾ ಎಂಬುವರು ಮುಳುಗುವವರ ಚಲನಚಿತ್ರಗಳನ್ನು ತೆಗೆದು ಅಭ್ಯಾಸ ಮಾಡಿ, 1970ರ ದಶಕದಲ್ಲಿ ಒಂದು ಸಂಗತಿಯನ್ನು ಬೆಳಕಿಗೆ ತಂದರು. ಮುಳುಗುವವನ ಬಾಯಿ ನೀರಿನ ಮೇಲೆ ಬರುವುದು ಕ್ಷಣಮಾತ್ರ. ಅಷ್ಟರಲ್ಲಿ ಉಸಿರು ತೆಗೆದುಕೊಳ್ಳುವುದಕ್ಕೇ ಸಮಯ ಸಾಲದು, ಮಾತಿಗೆಲ್ಲಿ? ಕೈಗಳು ತಾವಾಗಿಯೇ ಅಗಲಕ್ಕೆ ಚಾಚಿ ನೀರನ್ನು ಒತ್ತುತ್ತವೆ. ಈ ಹೋರಾಟವು 20ರಿಂದ 60 ಸೆಕೆಂಡುಗಳೊಳಗೆ ಮುಗಿಯುತ್ತದೆ. ನೋಡುವವರ ಕಣ್ಣಿಗೆ ಅದು ಆಟದಂತೆ ಕಂಡರೂ ಕಂಡೀತು. ಚಲನಚಿತ್ರಗಳಲ್ಲಿ ನಾಯಕಿಯು ಕೈಬೀಸಿ ಕೂಗುತ್ತ ಮುಳುಗುವುದನ್ನು ನೋಡಿ ನೋಡಿ ನಮ್ಮ ಜನರಿಗೆ ನಿಜವಾದ ಮುಳುಗುವಿಕೆಯ ಗುರುತೇ ಹತ್ತದಂತಾಗಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬರೋಣ. ಉಚ್ಚಿಲದ ದುರಂತವಾಗಿ ತಿಂಗಳು ತುಂಬುವುದಕ್ಕೆ ಮುಂಚೆ, 2024ನೆಯ ಡಿಸೆಂಬರ್ 10ರಂದು, ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಸಮುದ್ರದಲ್ಲಿ ಸತ್ತರು. ಆಗಲೂ ಮಾತು ಹೀಗೆಯೇ ಹರಿಯಿತು; ಈ ಸಲ ಶಿಕ್ಷಕರ ಮೇಲೆ. ತಿರುಗಿ ಹೋಗುವ ಅಲೆಗಳ ನೀರೆಲ್ಲ ಒಂದೆಡೆ ಕೂಡಿ, ಕಿರಿದಾದ ದಾರಿಯಲ್ಲಿ ಕಡಲಿನತ್ತ ರಭಸದಿಂದ ಹರಿಯುವುದುಂಟು, ಅದೇ ಸೆಳವು. ಸಾಮಾನ್ಯವಾಗಿ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಒಮ್ಮೊಮ್ಮೆ ಎರಡು ಮೀಟರನ್ನೂ ಮೀರಬಲ್ಲದು. ಒಲಿಂಪಿಕ್ಸಿನ ಈಜುಗಾರನ ವೇಗವೂ ಸುಮಾರಾಗಿ ಅಷ್ಟೆ. ಸೆಳವು ಇರುವ ಜಾಗದಲ್ಲಿ ಅಲೆಗಳು ಒಡೆಯುವುದು ಕಡಮೆ. ಎರಡು ಬದಿಗಳಲ್ಲಿ ನೊರೆ, ನಡುವೆ ಶಾಂತವಾದ ನೀರು. ಕೆರೆಗಳ ನಾಡಾದ ಕೋಲಾರದ ಮಗು ಯಾವ ಜಾಗವನ್ನು ಆರಿಸಿಕೊಳ್ಳುತ್ತದೆ? ತನ್ನ ಊರಿನ ಕೆರೆಯನ್ನು ಹೋಲುವ ಆ ಶಾಂತವಾದ ಜಾಗವನ್ನೇ. ಅದನ್ನು ಅವಿವೇಕವೆನ್ನಲಾಗದು, ಬೇರೆ ನೀರಿನಲ್ಲಿ ಕಲಿತ ವಿವೇಕವೆಂದರೆ ಸರಿಯಾದೀತು. ಕಾಳಿ ನದಿಯ ದಂಡೆಯ ಕದ್ವಾಡದಲ್ಲೋ ಅಳಿವೆಯ ಬದಿಯ ಊರುಗಳಲ್ಲೋ ಬೆಳೆದ ಹುಡುಗನಿಗೆ ನೀರಿನ ಬಣ್ಣ ನೋಡಿಯೇ ತಿಳಿಯುವುದನ್ನು ಘಟ್ಟದ ಮೇಲಿನವರಿಗೆ ಯಾರು ಕಲಿಸಿದ್ದಾರೆ?

ಇಷ್ಟಕ್ಕೂ ಕಡಲು ಬಲ್ಲವರು ಪಕ್ಕದಲ್ಲಿದ್ದರೆ ಸಾವೇ ಬಾರದೆಂದೂ ಹೇಳುವಂತಿಲ್ಲ. 2019ನೆಯ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನರು ಸತ್ತರು. ಇತರ ದೋಣಿಗಳವರು ಕೆಲವರನ್ನು ಎತ್ತಿ ಉಳಿಸಿದರು. ಆಗ ಕೇಳಿಬಂದ ಮಾತು ಸ್ವಲ್ಪ ಬೇರೆ ಬಗೆಯದು: ಆಯುಷ್ಯ ಅಷ್ಟೇ ಇತ್ತು, ಹಣೆಯ ಬರಹ. ದೇವರ ದರ್ಶನಕ್ಕೆ ಹೋದವರನ್ನು ಹಳಿಯಲು ನಾಲಗೆ ಏಳದಿದ್ದುದರಿಂದ ತಪ್ಪನ್ನು ವಿಧಿಯ ಮೇಲೆ ಹೊರಿಸಲಾಯಿತು. ಸತ್ತವನನ್ನು ದೂರಿದರೂ ವಿಧಿಯನ್ನು ದೂರಿದರೂ ಫಲ ಒಂದೇ. ದೋಣಿಯಲ್ಲಿ ಎಷ್ಟು ಜನರಿದ್ದರು, ತೇಲುಕವಚಗಳು ಎಷ್ಟಿದ್ದವು ಎಂಬ ಪ್ರಶ್ನೆಗಳು ಅಲ್ಲಿಗೇ ಮುಚ್ಚಿಹೋಗುತ್ತವೆ.

ಇನ್ನೊಂದು ಬಗೆಯ ಜನರುಂಟು. ಅವರು ಸತ್ತವರನ್ನು ಬಿಟ್ಟು ಮಾಲಿಕನ ಮೇಲೆ ಎರಗುತ್ತಾರೆ. ಉಚ್ಚಿಲದಲ್ಲಿ ಮಾಲಿಕನೂ ವ್ಯವಸ್ಥಾಪಕನೂ ಬಂಧಿತರಾದರು, ರೆಸಾರ್ಟಿಗೆ ಬೀಗಮುದ್ರೆ ಬಿತ್ತು. ಮುರುಡೇಶ್ವರದಲ್ಲಿ ಶಿಕ್ಷಕರ ಬಂಧನವಾಯಿತು, ಕಡಲತೀರವನ್ನು ಕೆಲಕಾಲ ಮುಚ್ಚಲಾಯಿತು. ಹೊಣೆಗಾರರು ಹೊಣೆ ಹೊರಬೇಕಾದುದು ನ್ಯಾಯವೇ. ಅದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಮುದ್ರೆ ಬಿದ್ದ ಒಂದು ಕೊಳದಿಂದ ಮುದ್ರೆ ಬೀಳದ ನೂರು ಕೊಳಗಳು ಕಲಿಯುವುದೇನು? ಜನರ ಕೋಪವು ಆರುವಷ್ಟರಲ್ಲಿ ಮುಂದಿನ ರಜೆ ಬಂದಿರುತ್ತದೆ.

ವಿಮಾನಯಾನದಲ್ಲಿ ಬೇರೆ ಪದ್ಧತಿಯೊಂದಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1951ರಲ್ಲಿ ಅಂಗೀಕರಿಸಿದ ಹದಿಮೂರನೆಯ ಅನುಬಂಧದ ಪ್ರಕಾರ, ಅಪಘಾತದ ತನಿಖೆಯ ಗುರಿ ಮುಂದಿನ ಅಪಘಾತವನ್ನು ತಡೆಯುವುದು. ತಪ್ಪನ್ನು ಹಂಚುವುದು ಆ ತನಿಖೆಯ ಕೆಲಸವಲ್ಲ, ಅದಕ್ಕೆ ನ್ಯಾಯಾಲಯಗಳಿವೆ. ಚಾಲಕನು ಅವಿವೇಕಿಯೆಂದು ಬರೆದು ಕಡತವನ್ನು ಮುಚ್ಚಿದ್ದರೆ ವಿಮಾನಗಳು ಇಂದಿನಷ್ಟು ಸುರಕ್ಷಿತವಾಗುತ್ತಿರಲಿಲ್ಲ. ನೀರಿನ ಸಾವುಗಳು ವಿಮಾನಗಳ ಸಾವುಗಳಿಗಿಂತ ಎಷ್ಟೋ ಪಾಲು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಭಾರತದ ಅಧಿಕೃತ ದಾಖಲೆಗಳಲ್ಲಿಯೇ ವರ್ಷಕ್ಕೆ 30 ಸಾವಿರಕ್ಕೂ ಮಿಕ್ಕ ಸಂಖ್ಯೆ ಬರುತ್ತದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಅಂತಹ ತನಿಖೆ ನಡೆಯಬೇಕೆಂದು ಹೇಳಿದರೆ ಅತಿಯಾದೀತೆಂದು ಕೆಲವರಿಗೆ ತೋರಬಹುದು. ಹಣ ತೆಗೆದುಕೊಂಡು ಅತಿಥಿಗಳನ್ನು ಕರೆಯುವ ಜಾಗಗಳಲ್ಲಾದರೂ ಅದು ನಡೆಯಲೇಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ತೀರ್ಪು ಕೊಡುವ ಚಪಲವನ್ನು ತಡೆಯಲು ಉಪಾಯವೇ ಇಲ್ಲವೆ ಎಂದು ವಾಚಕರು ಕೇಳಬಹುದು. ಲರ್ನರರ ಪ್ರಯೋಗವನ್ನು 1974ರಲ್ಲಿ ಬೇರೆ ಸಂಶೋಧಕರು ಒಂದು ಬದಲಾವಣೆಯೊಡನೆ ನಡೆಸಿದರು. ಆ ಯುವತಿಯ ಜಾಗದಲ್ಲಿ ತಾವಿದ್ದರೆ ಹೇಗಿರುತ್ತಿತ್ತೆಂದು ಊಹಿಸಿಕೊಳ್ಳುವಂತೆ ನೋಡುವವರಿಗೆ ಮೊದಲೇ ಹೇಳಿದಾಗ ಹಳಿಯುವಿಕೆಯು ಕಾಣಿಸಲಿಲ್ಲ. ಇದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಮೇಲೆಯೇ ಪರೀಕ್ಷಿಸಬಹುದು. ಮುಂದಿನ ಸುದ್ದಿ ಬಂದಾಗ, ಸತ್ತವರು ಮಾಡಿದ್ದೇನೆಂದು ಕೇಳುವುದಕ್ಕೆ ಮುಂಚೆ ಅವರಿಗೆ ಕಂಡದ್ದೇನೆಂದು ಕೇಳಿಕೊಳ್ಳಲಿ: ಆಳದ ಅಂಕಿಯನ್ನು ಬರೆದಿದ್ದರೆ? ನೆಲವು ಎಲ್ಲಿಂದ ಇಳಿಜಾರಾಗುತ್ತಿತ್ತು? ಹಗ್ಗ ಕಟ್ಟಿದ ಒಂದು ತೇಲುಬಳೆ, ಅದಿಲ್ಲದಿದ್ದರೆ ಬಾಯಿ ಮುಚ್ಚಿದ ಒಂದು ಖಾಲಿ ಪ್ಲಾಸ್ಟಿಕ್ ಕೊಡ, ಕೈಗೆಟಕುವಷ್ಟು ದೂರದಲ್ಲಿ ಇದ್ದಿತೆ? ಉಚ್ಚಿಲದ ಆ ಕೊಳದಲ್ಲಿ ಎರಡನೆಯವಳೂ ಮೂರನೆಯವಳೂ ನೀರಿಗೆ ಕೈಚಾಚುವ ಬದಲು ಅಂತಹ ಕೊಡವೊಂದನ್ನು ಎಸೆಯಬಹುದಾಗಿದ್ದರೆ, ಮೂರು ಮನೆಗಳಲ್ಲಿ ಎರಡರಲ್ಲಾದರೂ ಮಗಳು ಊಟಕ್ಕೆ ಬರುತ್ತಿದ್ದಳು.