ಮೆಡಿಕಲ್ ಕೌಂಟರಿನ 72 ಗಂಟೆ

ನಮ್ಮ ನೆಲ್ಯಾಡಿಯಲ್ಲಿ ಸಣ್ಣಪುಟ್ಟ ಕಾಯಿಲೆಗೆ ಯಾರೂ ಮೊದಲು ಡಾಕ್ಟರನ್ನು ಹುಡುಕುವುದಿಲ್ಲ, ಮೆಡಿಕಲ್‌ಗೆ ಹೋಗುತ್ತಾರೆ. 'ಅಣ್ಣಾ, ನಿನ್ನೆಯಿಂದ ತಲೆನೋವು' ಎಂದರೆ ಸಾಕು. ಟೋಕನ್ ಬೇಡ, ಕಾಯುವುದೂ ಬೇಡ. ಆದರೆ ಅದೇ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಲಾಗದ ಒಂದು ವಿಷಯವಿದೆ: ಎಚ್‌ಐವಿ ತಡೆಯುವ ಮಾತ್ರೆ.

ಇಂಥ ಮಾತ್ರೆ ಇದೆ ಎಂಬುದೇ ನನ್ನ ತರಗತಿಯ ಬಹಳ ಜನರಿಗೆ ಗೊತ್ತಿಲ್ಲ. ಸೋಂಕು ಹೇಗೆ ಹರಡುತ್ತದೆಂದು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೇವೆ, ತಡೆಯುವ ಔಷಧದ ಮಾತು ಮಾತ್ರ ಯಾರೂ ಎತ್ತಲಿಲ್ಲ. ಅಪಾಯದ ಸಾಧ್ಯತೆ ಇರುವವರು ಮೊದಲೇ ಸೇವಿಸುವುದು ಪ್ರೆಪ್. ಕಾಂಡೋಮ್ ಹರಿದಾಗ, ಲೈಂಗಿಕ ದೌರ್ಜನ್ಯವಾದಾಗ, ಆಸ್ಪತ್ರೆಯಲ್ಲಿ ಬಳಸಿದ ಸೂಜಿ ಚುಚ್ಚಿದಾಗ ಆಮೇಲೆ ತೆಗೆದುಕೊಳ್ಳುವುದು ಪೆಪ್. ಪೆಪ್ 72 ಗಂಟೆಯೊಳಗೆ ಶುರುವಾಗಬೇಕು, ಆದಷ್ಟು ಬೇಗ ಆದರೆ ಒಳ್ಳೆಯದು. 28 ದಿನ ಬಿಡದೆ ನುಂಗಬೇಕು.

ಲೆಕ್ಕ ಹಾಕಿ ನೋಡಿ. ಶನಿವಾರ ರಾತ್ರಿ ಹತ್ತಕ್ಕೆ ಗಡಿಯಾರ ಶುರುವಾದರೆ ಮಂಗಳವಾರ ರಾತ್ರಿ ಹತ್ತಕ್ಕೆ ಮುಗಿಯಿತು. ಭಾನುವಾರ ಹೆದರಿಕೆಯಲ್ಲಿ ಹೋಗುತ್ತದೆ, ಸೋಮವಾರ ಗೂಗಲ್‌ನಲ್ಲಿ. ಉಳಿದ ಒಂದೇ ದಿನದಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ ಕೇಂದ್ರ ಹುಡುಕಿಕೊಂಡು ಹೋಗಬೇಕು. ಭಾನುವಾರವೇ ಮೆಡಿಕಲ್‌ನವರು 'ತಡ ಮಾಡಬೇಡ, ಈಗಲೇ ಸರಕಾರಿ ಆಸ್ಪತ್ರೆಗೆ ಹೋಗು, 1097ಕ್ಕೆ ಉಚಿತವಾಗಿ ಫೋನ್ ಮಾಡು' ಎಂದಿದ್ದರೆ?

ಚೀಟಿಯಿಲ್ಲದೆ ಮಾತ್ರೆ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಕಾಯ್ದೆಯಿಂದ ತರಬೇತಿ ಪಡೆದ ಫಾರ್ಮಾಸಿಸ್ಟ್‌ಗಳೇ ಕೆಲವು ಷರತ್ತುಗಳೊಡನೆ ಎರಡನ್ನೂ ಕೊಡಬಹುದು. ನಮ್ಮಲ್ಲಿ ವೈದ್ಯರ ಚೀಟಿ ಬೇಕು, ಅದಕ್ಕೆ ಕಾರಣವೂ ಇದೆ. ಈಗಾಗಲೇ ಎಚ್‌ಐವಿ ಇರುವವರು ಪರೀಕ್ಷೆ ಮಾಡಿಸದೆ ಪ್ರೆಪ್ ನುಂಗುತ್ತಾ ಹೋದರೆ ವೈರಸ್ ಔಷಧಕ್ಕೇ ಬಗ್ಗದಂತಾಗಬಹುದು. ಮೂತ್ರಪಿಂಡ, ಹೆಪಟೈಟಿಸ್-ಬಿ ಪರೀಕ್ಷೆಯೂ ಆಗಬೇಕು. ಆದರೆ ದಾರಿ ತೋರಿಸಲು ಯಾವ ಚೀಟಿ ಬೇಕು?

ತೊಡಕು ಇರುವುದು ನಾಚಿಕೆಯಲ್ಲಿ. ಊರು ಸಣ್ಣದು, ಪಕ್ಕದಲ್ಲಿ ಪ್ಯಾರಸಿಟಮಾಲ್ ಕೇಳುತ್ತಾ ನಿಂತವರು ನಮ್ಮ ಚಿಕ್ಕಮ್ಮನೇ ಆಗಿರಬಹುದು. ಹೆದ್ದಾರಿಯ ಊರಾದ್ದರಿಂದ 'ಅದು ಲಾರಿಯವರ ಕಾಯಿಲೆ' ಎಂಬ ಮಾತು ಬೇರೆ. ಬೆಂಗಳೂರಿನ ಪಿಜಿಗಳಲ್ಲಿರುವ ನಮ್ಮ ವಯಸ್ಸಿನವರನ್ನು ವೈರಸ್ ಏನು ಲೈಸೆನ್ಸ್ ನೋಡಿ ಬಿಟ್ಟುಬಿಡುತ್ತದೆಯೇ?

ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಆಶೋದಯ ಸಮಿತಿಯ ಮೂಲಕ ಪ್ರೆಪ್ ಪ್ರಯೋಗ ನಡೆದಾಗ ಸೇರಿದವರಲ್ಲಿ ಬಹುತೇಕರು ಕೊನೆಯವರೆಗೂ ಉಳಿದರು. ಜತೆಗಿದ್ದು ನೆನಪಿಸುತ್ತಿದ್ದವರು ಅವರವರೇ. ಮಾತ್ರೆಯಷ್ಟೇ ಮುಖ್ಯ ಅದನ್ನು ಕೊಡುವವರ ಮೇಲಿನ ನಂಬಿಕೆ ಎಂದು ನನಗನಿಸುವುದು ಇದಕ್ಕೇ. ನಮ್ಮೂರಿನಲ್ಲಿ ಅಂಥ ನಂಬಿಕೆ ಈಗಾಗಲೇ ಇರುವುದು ಮೆಡಿಕಲ್‌ನವರ ಮೇಲೆ.

ಡಿ.ಫಾರ್ಮ, ಬಿ.ಫಾರ್ಮ ಓದುತ್ತಿರುವ ಗೆಳೆಯರು 'ನಮಗೆ ಮಾತ್ರೆ ಎಣಿಸುವ ಕೆಲಸ' ಎಂದು ಬೇಸರಪಡುತ್ತಾರೆ. ಕೆಲವೆಡೆ ಸರ್ಟಿಫಿಕೇಟ್ ಮಾತ್ರ ಗೋಡೆಯಲ್ಲಿರುತ್ತದೆ, ಫಾರ್ಮಾಸಿಸ್ಟ್ ಅಂಗಡಿಯಲ್ಲಿರುವುದಿಲ್ಲ. 1948ರ ಫಾರ್ಮಸಿ ಕಾಯ್ದೆ ಔಷಧ ಕೊಡುವ ಜಾಗದಲ್ಲಿ ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕೆಂದದ್ದು ಎಣಿಸುವುದಕ್ಕಷ್ಟೇ ಅಲ್ಲವಲ್ಲ. ಕೇಳಿದ ಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುವವರು, ಗಂಟೆಗಳ ಲೆಕ್ಕ ಹೇಳಬಲ್ಲವರು ಅಲ್ಲಿರಲಿ. ಕೇಳಲು ನಾಚುವವರಿಗಾಗಿ 72 ಗಂಟೆ, 1097 ಎಂಬ ಎರಡು ಸಂಖ್ಯೆ ಬರೆದ ಚೀಟಿಯನ್ನು ಕೌಂಟರಿನ ಗಾಜಿಗೆ ಅಂಟಿಸಲಿ. ಅದಕ್ಕೆ ಖರ್ಚು ಎಂದರೆ ಒಂದು ಜೆರಾಕ್ಸ್.