ಕೊಂಡವನೇ ಯಂತ್ರದೊಡೆಯನಾಗಲಿ

ಒಬ್ಬ ರೈತ ಪೇಟೆಯಲ್ಲಿ ಒಂದು ಮನೆ ಕೊಂಡನೆನ್ನೋಣ. ಹಣ ಪೂರ್ತಿ ಸಂದಾಯವಾಗಿದೆ, ಪತ್ರ ನೋಂದಣಿಯಾಗಿದೆ. ಹೋಗಿ ನೋಡಿದರೆ ಜಗಲಿಯ ಮೇಲೆ ಮಾರಿದವನ ಗುಮಾಸ್ತ ಚಾಪೆ ಹಾಸಿಕೊಂಡು ಕುಳಿತಿದ್ದಾನೆ. "ಏಳಪ್ಪ" ಎಂದರೆ, "ನಾನು ಈ ಮನೆಯ ಕಂಬವಿದ್ದ ಹಾಗೆ, ಎಬ್ಬಿಸಿದರೆ ಮಾಡು ಕುಸಿಯುತ್ತದೆ. ಬೇಕಾದರೆ ಪಕ್ಕದಲ್ಲಿ ನಿಮ್ಮ ಗುಮಾಸ್ತನನ್ನೂ ಕೂರಿಸಿಕೊಳ್ಳಿ" ಎನ್ನುತ್ತಾನೆ. ಇಂಥ ಕ್ರಯವನ್ನು ಯಾವ ರೈತನಾದರೂ ಒಪ್ಪುತ್ತಾನೆಯೆ?

ಕಂಪ್ಯೂಟರ್ ಕೊಳ್ಳುವಾಗ ನಾವು ಒಪ್ಪಿದ್ದೇವೆ. ನಮ್ಮ ದೇಶದಲ್ಲಿ ಮಾರಾಟವಾಗುವ ವಿಂಡೋಸ್ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಎಡ್ಜ್ ಎಂಬ ಬ್ರೌಸರ್ ಮೊದಲೇ ಬಂದು ಕುಳಿತಿರುತ್ತದೆ. ಬೇಡವಾದ ಬೇರೆ ತಂತ್ರಾಂಶವನ್ನು ಪಟ್ಟಿಯಲ್ಲಿ ಹುಡುಕಿ ಅನ್‌ಇನ್‌ಸ್ಟಾಲ್ ಮಾಡಬಹುದು. ಎಡ್ಜ್ ಎದುರಿಗೆ ಮಾತ್ರ ಆ ಗುಂಡಿ ಮಸುಕಾಗಿರುತ್ತದೆ. ಎಷ್ಟು ಒತ್ತಿದರೂ ಅಲುಗುವುದಿಲ್ಲ.

ಇದು ಯಂತ್ರದ ಸ್ವಭಾವವೆಂದು ಅನೇಕರು ನಂಬಿದ್ದಾರೆ. ಅಲ್ಲ, ಇದು ಧಣಿಯ ಸ್ವಭಾವ. ಯೂರೋಪಿನ ಒಕ್ಕೂಟ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯನ್ನು ತಂದು ದೊಡ್ಡ ಕಂಪನಿಗಳಿಗೆ 2024ರ ಮಾರ್ಚಿಯ ಗಡುವು ವಿಧಿಸಿತು. ಅದರಂತೆ ಅಲ್ಲಿನ ವಿಂಡೋಸಿನಲ್ಲಿ ಎಡ್ಜ್ ಬ್ರೌಸರನ್ನು ತೆಗೆದುಹಾಕುವ ಗುಂಡಿಗೆ ಜೀವ ಬಂತು. ಬರ್ಲಿನ್ನಿನ ಬಳಕೆದಾರ ಅದನ್ನು ಒತ್ತಿ ಬ್ರೌಸರನ್ನು ಸಾಗಹಾಕಿದರೆ ಮಾಡೇನೂ ಕುಸಿಯುವುದಿಲ್ಲ. ಅದೇ ಕಂಪನಿ, ಅದೇ ವಿಂಡೋಸ್. ಅವನ ದೇಶದಲ್ಲಿ ಕಾನೂನು ಇದೆ, ನಮ್ಮಲ್ಲಿ ಇಲ್ಲ. ವ್ಯತ್ಯಾಸ ಇಷ್ಟೇ.

ಈ ವ್ಯಾಜ್ಯ ಹಳೆಯದು. 1995ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹೊರತಂದಾಗ ನೆಟ್‌ಸ್ಕೇಪ್ ಎಂಬ ಬ್ರೌಸರ್ ಜನಪ್ರಿಯವಾಗಿತ್ತು. ಅದನ್ನು ಸಂತೆಯಲ್ಲಿ ಸೋಲಿಸುವ ಬದಲು, ಸಂತೆಗೆ ಹೋಗುವ ದಾರಿಯನ್ನೇ ಮೈಕ್ರೋಸಾಫ್ಟ್ ಹಿಡಿಯಿತು. ವಿಂಡೋಸಿನೊಡನೆ ತನ್ನ ಬ್ರೌಸರನ್ನು ಕಟ್ಟಿ ಕೊಟ್ಟಿತು. ಅದನ್ನು ಬೇರ್ಪಡಿಸಲಾಗದೆಂದು ವಾದಿಸಿತು. 1997ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ತಮ್ಮ ಕಚೇರಿಯ ಯಂತ್ರದಲ್ಲೇ ಪರೀಕ್ಷೆ ಮಾಡಿಸಿದರು. ಬ್ರೌಸರ್ ಮರೆಯಾಗಲು 90 ಸೆಕೆಂಡೂ ಹಿಡಿಯಲಿಲ್ಲ! ಒಳಗಿನ ಕಡತಗಳು ಉಳಿದಿದ್ದವೆಂಬುದು ನಿಜ. ಆದರೆ ಯಂತ್ರ ನಿಲ್ಲಲಿಲ್ಲ. ಮುಂದೆ ಬಂದ ವಿಂಡೋಸ್ 98ರಲ್ಲಿ, ತೆಗೆದುಹಾಕಬಹುದಾದ ತಂತ್ರಾಂಶಗಳ ಪಟ್ಟಿಯಿಂದಲೇ ಎಕ್ಸ್‌ಪ್ಲೋರರ್ ಕಾಣೆಯಾಯಿತು.

1998ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರಕಾರವೂ ಹಲವು ರಾಜ್ಯಗಳೂ ಮೊಕದ್ದಮೆ ಹೂಡಿದವು. 2000ದಲ್ಲಿ ಜಾಕ್ಸನ್ ಕಂಪನಿಯನ್ನು ಎರಡಾಗಿ ಒಡೆಯಲು ಆಜ್ಞೆ ಮಾಡಿದರು. 2001ರ ಜೂನಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಆದರೆ ಏಕಸ್ವಾಮ್ಯದ ಅಪರಾಧವನ್ನು ಎತ್ತಿಹಿಡಿಯಿತು. ಬ್ರೌಸರನ್ನು ತೆಗೆದುಹಾಕುವ ಪಟ್ಟಿಯಿಂದ ಹೊರಗಿಟ್ಟದ್ದೂ ಆ ಅಪರಾಧದ ಒಂದು ಭಾಗವೆಂದು ತೀರ್ಪು ಹೇಳಿತು. ಸಂಗಾತಿಗಳು ಇದನ್ನು ಮನದಟ್ಟು ಮಾಡಿಕೊಳ್ಳಬೇಕು: ಒಂದು ಗುಂಡಿಯನ್ನು ಕೊಡದಿರುವುದು ಅಪರಾಧವೆಂದು ಬಂಡವಾಳಶಾಹಿಯ ತವರಿನ ನ್ಯಾಯಾಲಯವೇ ಒಪ್ಪಿಕೊಂಡಿದೆ.

ತೀರ್ಪಿನಿಂದ ಚಾಳಿ ಬಿಡಲಿಲ್ಲ. ಬಳಕೆದಾರರಿಗೆ ಬ್ರೌಸರ್ ಆರಿಸುವ ಪಟ್ಟಿಯನ್ನು ತೋರಿಸುತ್ತೇನೆಂದು ಕಂಪನಿ 2009ರಲ್ಲಿ ಯೂರೋಪಿಗೆ ಮಾತು ಕೊಟ್ಟಿತು. 2011ರಿಂದ 2012ರವರೆಗೆ ಒಂದು ವರ್ಷಕ್ಕೂ ಮಿಕ್ಕಿ ಅನೇಕರಿಗೆ ಅದನ್ನು ತೋರಿಸಲೇ ಇಲ್ಲ. 2013ರಲ್ಲಿ 56.1 ಕೋಟಿ ಯೂರೋ ದಂಡ ತೆತ್ತಿತು.

"ಬ್ರೌಸರ್ ಪುಕ್ಕಟೆ ಬಂದಿದೆ, ಬೇಡವಾದರೆ ಬೇರೊಂದು ಹಾಕಿಕೊಳ್ಳಿ, ಇದಕ್ಕೇಕೆ ಇಷ್ಟು ರಂಪ?" ಎಂದು ಕೆಲವರು ಕೇಳುತ್ತಾರೆ. ನಾನು ಮೇಷ್ಟರಾಗಿದ್ದವನು, ಒಂದು ಮಾತು ಹೇಳುತ್ತೇನೆ. ಮಗು ಮೊದಲು ಕಂಡದ್ದನ್ನೇ ಲೋಕವೆಂದು ತಿಳಿಯುತ್ತದೆ. ಮೊದಲೇ ಕುಳಿತ ಬ್ರೌಸರೇ ಇಂಟರ್ನೆಟ್ ಎಂದು ಕೋಟ್ಯಂತರ ಜನ ತಿಳಿಯುತ್ತಾರೆ. ಹುಡುಕಾಟ, ಜಾಹೀರಾತು, ಓದುಗನ ಅಭಿರುಚಿಯ ಲೆಕ್ಕ ಎಲ್ಲವೂ ಆ ಬಾಗಿಲಿನಿಂದಲೇ ಹಾದುಹೋಗುತ್ತವೆ. ಬಾಗಿಲು ಕಾಯುವವನು ಸುಂಕ ಎತ್ತದೆ ಇರುತ್ತಾನೆಯೆ? ಇನ್ನು ಬೇರೆ ತಂತ್ರಾಂಶಗಳಿಗೆ ಬೇಕಾದ ಕೆಲವು ಭಾಗಗಳು ಒಳಗೆ ಉಳಿಯಬೇಕೆಂಬ ಮಾತು ಸರಿಯೇ. ಯೂರೋಪಿನಲ್ಲೂ ಅವು ಉಳಿದಿವೆ, ಬ್ರೌಸರ್ ಮಾತ್ರ ಹೋಗುತ್ತದೆ. ಕಂಬ ಬೇರೆ, ಗುಮಾಸ್ತ ಬೇರೆ.

ಒಬ್ಬ ಧಣಿಯನ್ನು ಬಿಟ್ಟು ಇನ್ನೊಬ್ಬ ಧಣಿಯ ಮನೆಗೆ ಹೋಗುವುದೂ ಬಿಡುಗಡೆಯಲ್ಲ. ಗೂಗಲ್ ಕಂಪನಿಯ ಕ್ರೋಮ್ ಕಂಪ್ಯೂಟರಿನಿಂದ ಹೊರಡುತ್ತದೆ. ಆದರೆ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಅದನ್ನು ಮಲಗಿಸಬಹುದೇ ಹೊರತು ಹೊರಗೆ ಹಾಕಲಾಗದು. 2022ರ ಅಕ್ಟೋಬರಿನಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ತುಂಬಿಸಿದ ತನ್ನ ಆ್ಯಪುಗಳನ್ನು ಬಳಕೆದಾರ ತೆಗೆಯುವುದಕ್ಕೆ ಅಡ್ಡಿಮಾಡಕೂಡದೆಂದು ವಿಧಿಸಿತು. 2023ರ ಮಾರ್ಚಿಯಲ್ಲಿ ಮೇಲ್ಮನವಿಯ ನ್ಯಾಯಮಂಡಳಿ ದಂಡವನ್ನು ಉಳಿಸಿತು, ಆ ವಿಧಿಯನ್ನು ಅಳಿಸಿತು. ಹಣ ಸರಕಾರದ ಬೊಕ್ಕಸಕ್ಕಾಯಿತು, ಹಕ್ಕು ಜನಕ್ಕೆ ಸಿಗಲಿಲ್ಲ.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ಪ್ರಶ್ನೆಗೆ. ಗೇಣಿ ಅಳೆಯುವ ಕೊಳಗ ಧಣಿಯ ಇಷ್ಟದಂತೆ ಇರಕೂಡದು ಎಂಬುದು ಅವರ ಹಟ. ಅದೂ ಅಂದು ಕೆಲವರಿಗೆ ಸಣ್ಣ ವಿಷಯವಾಗಿ ಕಂಡಿರಬೇಕು. ಹಸಿದವನ ಗೇಣಿಯನ್ನೂ ಪರದೆಯ ಗುಂಡಿಯನ್ನೂ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತಿಲ್ಲ. ಆದರೆ ಧಣಿತನ ನಿಲ್ಲುವುದು ಇಂಥ ಸಣ್ಣ ಅಳತೆಗಳ ಮೇಲೆಯೇ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ಕೊಂಡ ಯಂತ್ರದಿಂದ ಬೇಡದ ಬ್ರೌಸರನ್ನು ತೆಗೆದುಹಾಕುವ ಹಕ್ಕನ್ನು ಪಾರ್ಲಿಮೆಂಟು ಕಾನೂನಿನಲ್ಲಿ ಬರೆಯಲಿ. ಡಿಜಿಟಲ್ ಸ್ಪರ್ಧೆಯ ಕರಡು ಮಸೂದೆ 2024ರ ಮಾರ್ಚಿಯಲ್ಲೇ ಪ್ರಕಟವಾಗಿದೆ; ಕರಡಿನಿಂದ ಯಾರ ಗುಂಡಿಯೂ ಅಲುಗುವುದಿಲ್ಲ. ಎರಡು, ಶಾಲೆ ಮತ್ತು ಪಂಚಾಯತಿಗಳಿಗೆ ಕಂಪ್ಯೂಟರ್ ಕೊಳ್ಳುವಾಗ ನಮ್ಮ ರಾಜ್ಯ ಸರಕಾರ ಇದನ್ನು ಕರಾರಿನಲ್ಲಿ ಸೇರಿಸಲಿ. ಮೂರು, ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರದ ಮುಕ್ತ ತಂತ್ರಾಂಶ ಬರಲಿ. ನೆರೆಯ ಕೇರಳ ಅನೇಕ ವರ್ಷಗಳಿಂದ ಇದನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಆಗದು?

ಉಳುವವನೇ ಹೊಲದೊಡೆಯನೆಂದು ಕೂಗಿದ ನಾಡು ಇದು. ಕೊಂಡವನೇ ಯಂತ್ರದೊಡೆಯನೆಂದು ಕೂಗಲು ಈ ನಾಡು ಹಿಂಜರಿಯಬೇಕಾಗಿಲ್ಲ.